ಹಳೆಯ ಗಂಟಲು ಸವಕಲಲ್ಲ

ಬೇರೆಯಾದ ಪಾಪ್ ತಂಡದವರು ಮತ್ತೆ ಕೂಡಿ ಆಲ್ಬಂ ಮಾಡುವುದು ಬರೀ ದುಡ್ಡಿಗಾಗಿ, ಮಾಗಿದ ಗಂಟಲಿನಿಂದ ಹೊಸದೇನೂ ಹುಟ್ಟದು ಎಂಬುದು ಕಳೆದ ವಾರದ ಲೇಖನದ ವಾದ. ದುಡ್ಡಿನ ಆಸೆ ಕೆಲವರಿಗೆ ಇದ್ದೀತು. ಆದರೆ ಸ್ವೀಡನ್ನಿನ ಅಬ್ಬಾ ತಂಡವನ್ನು ನೋಡಿ. 1982ರಲ್ಲಿ ದೂರವಾದ ನಾಲ್ವರು 2021ರಲ್ಲಿ ‘ವಾಯೇಜ್’ ತಂದರು. ಹತ್ತು ಹಾಡು, ಬಹುಪಾಲು ಹೊಸವು. ಗಾಯಕಿಯರ ದನಿ ಇಳಿದಿದೆ, ನಿಜ, ಅದನ್ನವರು ಮುಚ್ಚಿಡಲಿಲ್ಲ.

ದನಿ ಇಳಿದರೆ ಹಾಡು ಸತ್ತಂತೆಯೇ? ನಮ್ಮ ಅಗರದ ಸೀಮೆಗೆ ಬಂದು ಮಂಟೇಸ್ವಾಮಿ ಕತೆ ಹಾಡುವ ನೀಲಗಾರರನ್ನು ಕೇಳಿ. ತಂಬೂರಿ ಹಿಡಿದ ಹಿರಿಯರ ದನಿ ಒಡೆದಿರುತ್ತದೆ. ಅವರು ಉಸಿರೆಳೆದುಕೊಳ್ಳುವ ಜಾಗ ಹಿಮ್ಮೇಳದವರಿಗೆ ಗೊತ್ತು, ಸರಿಯಾಗಿ ಅಲ್ಲಿಯೇ ದಮ್ಮಡಿ ಬೀಳುತ್ತದೆ. ವರ್ಷಗಟ್ಟಲೆ ಜೊತೆಗೆ ಹಾಡಿದವರಿಗಷ್ಟೇ ಒಲಿಯುವ ಆ ಹೊಂದಾಣಿಕೆಯ ಸುಳಿವೇ ಲೇಖನದಲ್ಲಿಲ್ಲ.