ಆಂಬುಲೆನ್ಸ್ ಸಿಬ್ಬಂದಿಗೆ ಸೋಂಕಿನಿಂದ ರಕ್ಷಣೆ: ಕಡ್ಡಾಯ ತರಬೇತಿಗಾಗಿ ಮನವಿ

ಇವರಿಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: 108 ಆಂಬುಲೆನ್ಸ್ ಸಿಬ್ಬಂದಿಗೆ ಸೋಂಕು ತಡೆ ತರಬೇತಿ, ಲಸಿಕೆ ಹಾಗೂ ಸೋಂಕು ತಗಲಿದ ಶಂಕೆಯಿದ್ದಾಗ ತಕ್ಷಣದ ಚಿಕಿತ್ಸೆ ಒದಗಿಸುವ ಕುರಿತು.

ಮಾನ್ಯರೇ,

2008ರ ನವೆಂಬರಿನಲ್ಲಿ ಆರಂಭವಾದ 108 ಸೇವೆ ಇಂದು ರಾಜ್ಯದ ಹಳ್ಳಿಹಳ್ಳಿಗೂ ಪರಿಚಿತ. ಅದರ ವಾಹನದಲ್ಲಿ ಬರುವ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಮತ್ತು ಪೈಲಟ್‌ಗೆ (ಚಾಲಕರಿಗೆ) ರೋಗಿಯ ಕಾಯಿಲೆ ಏನೆಂಬುದು ಗೊತ್ತಿರುವುದಿಲ್ಲ. ವಾರ್ಡಿನ ವೈದ್ಯರ ಕೈಯಲ್ಲಿ ರಕ್ತಪರೀಕ್ಷೆಯ ವರದಿಯಾದರೂ ಇರುತ್ತದೆ. ಇವರ ಮುಂದಿರುವುದು ರಕ್ತ, ವಾಂತಿ, ಕೆಮ್ಮು ಅಷ್ಟೇ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ನಮ್ಮ ದೇಶದಲ್ಲಿದ್ದಾರೆ. ಕಿಟಕಿ ಮುಚ್ಚಿದ ವಾಹನದೊಳಗೆ ಅಂಥ ರೋಗಿಯ ಮಗ್ಗುಲಲ್ಲಿ ಕೂರುವುದು ಇಎಂಟಿಯ ನಿತ್ಯದ ಕೆಲಸ. ಹೆಪಟೈಟಿಸ್ ಬಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿಕೊಂಡರೆ, ಲಸಿಕೆ ಪಡೆಯದವರಲ್ಲಿ ನೂರಕ್ಕೆ 6ರಿಂದ 30 ಮಂದಿಗೆ ಸೋಂಕು ತಗಲಬಹುದು. ಎಚ್‌ಐವಿಯಲ್ಲಿ ಈ ಪ್ರಮಾಣ ಸಾವಿರಕ್ಕೆ ಸುಮಾರು 3. ರಸ್ತೆಯ ಉಬ್ಬು ಸಿಕ್ಕಾಗ ಕುಲುಕುವ ವಾಹನದಲ್ಲಿ ಸೂಜಿ ಹಿಡಿದವರ ಅಪಾಯ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತವರಿಗಿಂತ ಕಡಿಮೆಯೇನಲ್ಲ.

ಕೈಗವಸು, ಮಾಸ್ಕ್ ಕೊಟ್ಟಿದ್ದೇವಲ್ಲ ಎಂಬ ಉತ್ತರ ಸಾಲದು. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ರಕ್ಷಣೆ. ಗಡ್ಡ ಬಿಟ್ಟವರ ಕೆನ್ನೆಯ ಬದಿಯಿಂದ ಗಾಳಿ ಒಳನುಸುಳುತ್ತದೆ. ಕ್ಷಯದ ಶಂಕೆಯಿದ್ದರೆ ರೋಗಿಗೆ ಸರ್ಜಿಕಲ್ ಮಾಸ್ಕ್, ಸಿಬ್ಬಂದಿಗೆ ಎನ್95. ಇದು ತಿರುವುಮುರುವಾದರೆ ರೋಗಿಗೆ ಉಸಿರಾಟವೂ ಕಷ್ಟ, ಸಿಬ್ಬಂದಿಗೆ ರಕ್ಷಣೆಯೂ ಇಲ್ಲ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಕಳಚುವಾಗ. ಮೊದಲ ಕೈಗವಸನ್ನು ಮಣಿಕಟ್ಟಿನ ಬಳಿ ಹೊರಗಿನಿಂದ ಚಿವುಟಿ ಹಿಡಿದು, ಒಳಮೈ ಹೊರಗಾಗುವಂತೆ ಮಗುಚಿ ತೆಗೆದು, ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿದುಕೊಳ್ಳಬೇಕು. ಬಳಿಕ ಬರಿಗೈಯ ಬೆರಳನ್ನು ಎರಡನೆಯದರ ಒಳಗೆ ತೂರಿಸಿ ಅದನ್ನೂ ಹಾಗೆಯೇ ಮಗುಚಬೇಕು. ರಾತ್ರಿ ಪಾಳಿಯ ಕೊನೆಯಲ್ಲಿ, ಮತ್ತೊಂದು ಕರೆ ಬಂದಿರುವಾಗ, ಇದು ತಪ್ಪದೆ ನಡೆಯಬೇಕಾದರೆ ಕೈಗೆ ಅಭ್ಯಾಸವಾಗಿರಬೇಕು. ಗೋಡೆಗೆ ಅಂಟಿಸಿದ ಸುತ್ತೋಲೆ ಆ ಅಭ್ಯಾಸ ಕೊಡಲಾರದು.

ತರಬೇತಿ ಸಿಬ್ಬಂದಿಯ ಆರೋಗ್ಯದ ಪ್ರಶ್ನೆಯಷ್ಟೇ ಆಗಿದ್ದರೂ ನಾವು ಇದೇ ಬೇಡಿಕೆ ಇಡುತ್ತಿದ್ದೆವು. ಆದರೆ ಇದು ಇಡೀ ಸೇವೆಯ ಉಳಿವಿನ ಪ್ರಶ್ನೆಯೂ ಹೌದು. 2003ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾರ್ಸ್ ಹರಡಿದಾಗ, ಆ ನಗರದ ಸುಮಾರು 850 ಆಂಬುಲೆನ್ಸ್ ಸಿಬ್ಬಂದಿಯಲ್ಲಿ 400ಕ್ಕೂ ಹೆಚ್ಚು ಮಂದಿ ರಕ್ಷಣೆಯಿಲ್ಲದೆ ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಕಾರಣಕ್ಕೆ ಹತ್ತು ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕಾಯಿತು. ಇವರಲ್ಲಿ ಹೆಚ್ಚಿನವರು ಕಾಯಿಲೆ ಬೀಳಲಿಲ್ಲ. ಆದರೂ ಕೆಲಸಕ್ಕೆ ಸಿಗಲಿಲ್ಲ. ನಮ್ಮಲ್ಲಿಗೆ ಇನ್ನೂ ಹತ್ತಿರದ್ದು ನಿಪಾ. 2001ರಲ್ಲಿ ಸಿಲಿಗುರಿಯಲ್ಲಿ ಅದು ಆಸ್ಪತ್ರೆಗಳೊಳಗೇ ಹಬ್ಬಿತು. 2018ರಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ರೋಗಿಯ ಶುಶ್ರೂಷೆ ಮಾಡಿ ಅದೇ ಸೋಂಕಿಗೆ ಬಲಿಯಾದರು. ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳು ಕೇರಳದ ಗಡಿಗೇ ಅಂಟಿಕೊಂಡಿವೆ. ತಿಳಿವಳಿಕೆ ಅನಗತ್ಯ ಭಯವನ್ನೂ ನೀಗಿಸುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಬರುತ್ತದೆಯೇ ಹೊರತು ರೋಗಿಯನ್ನು ಮುಟ್ಟಿದ್ದರಿಂದಲ್ಲ. ಇದನ್ನು ಬಲ್ಲ ಸಿಬ್ಬಂದಿ ಮಲೆನಾಡಿನ ಜ್ವರಪೀಡಿತರನ್ನು ಹಿಂಜರಿಯದೆ ಎತ್ತಿಕೊಳ್ಳುತ್ತಾರೆ.

ಈ ತರಬೇತಿ, ಲಸಿಕೆಗಳಿಗೆ ಹೊಸ ಕಾನೂನು ಬೇಕಿಲ್ಲ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016, ಇಂಥ ತ್ಯಾಜ್ಯ ನಿರ್ವಹಿಸುವ ಎಲ್ಲರಿಗೂ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ತರಬೇತಿ, ಆರೋಗ್ಯ ತಪಾಸಣೆ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಕೊಡಬೇಕೆನ್ನುತ್ತವೆ. ರಕ್ತಸಿಕ್ತ ಹತ್ತಿ, ಸೂಜಿ ಆಂಬುಲೆನ್ಸಿನಲ್ಲೂ ಹುಟ್ಟುತ್ತವೆ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ, 2017ರ 19ನೇ ಕಲಂ, ಸೋಂಕು ತಗಲುವ ಗಣನೀಯ ಅಪಾಯವಿರುವ ಸಂಸ್ಥೆಗಳು ರಕ್ಷಣಾ ಸಾಮಗ್ರಿ, ಅದರ ಬಳಕೆಯ ತರಬೇತಿ ಹಾಗೂ ಸೋಂಕುನಿರೋಧಕ ಔಷಧಿ ಒದಗಿಸಬೇಕೆಂದು ವಿಧಿಸುತ್ತದೆ.

ಸಿಬ್ಬಂದಿ ನೇಮಕ ಗುತ್ತಿಗೆ ಸಂಸ್ಥೆಯದು, ಹೊಣೆಯೂ ಅದರದೇ ಎಂಬ ವಾದ ಬರಬಹುದು. ಟೆಂಡರಿನ ಷರತ್ತು ಬರೆಯುವುದು ಇಲಾಖೆ. ವಾಹನದಲ್ಲಿ ಆಮ್ಲಜನಕ ಇರಬೇಕೆಂದು ಬರೆಯಬಲ್ಲ ಇಲಾಖೆ ಇದನ್ನೂ ಬರೆಯಬಹುದು. ತರಬೇತಿಗೆ ಕಳಿಸಿದರೆ ವಾಹನ ನಿಲ್ಲುತ್ತದೆ ಎಂಬ ಆತಂಕ ಮಾತ್ರ ನಿಜವಾದದ್ದು, ಅದನ್ನು ತಳ್ಳಿಹಾಕಲಾರೆವು. ಆದ್ದರಿಂದಲೇ ತಂಡಗಳನ್ನು ಸರದಿಯಂತೆ ಕರೆದು, ಬದಲಿ ಸಿಬ್ಬಂದಿ ಇಟ್ಟು, ತಾಲ್ಲೂಕು ಆಸ್ಪತ್ರೆಯ ಆವರಣದಲ್ಲೇ, ಅವರದೇ ವಾಹನದಲ್ಲಿ ಕಲಿಸಬೇಕೆನ್ನುತ್ತೇವೆ. ಖರ್ಚಿನ ಮಾತಿಗೆ ಬಂದರೆ, ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು ಜೀವಮಾನದ ಯಕೃತ್ ಚಿಕಿತ್ಸೆಯ ಮುಂದೆ ಯಾವ ಲೆಕ್ಕವೂ ಅಲ್ಲ.

ಆದಕಾರಣ, ಕೆಲಸಕ್ಕೆ ಸೇರುವ ಮೊದಲು ಮತ್ತು ಪ್ರತಿ ವರ್ಷ ಸಂಬಳಸಹಿತ ಪ್ರಾಯೋಗಿಕ ತರಬೇತಿಯನ್ನು ಕಡ್ಡಾಯಗೊಳಿಸಬೇಕು. ಪೈಲಟ್‌ಗಳನ್ನು ಅದರಿಂದ ಹೊರಗಿಡಬಾರದು, ಸ್ಟ್ರೆಚರಿನ ಇನ್ನೊಂದು ತುದಿ ಅವರ ಕೈಯಲ್ಲೇ ಇರುತ್ತದೆ. ಲಸಿಕೆ ಉಚಿತವಾಗಿರಬೇಕು. ಸೂಜಿ ಚುಚ್ಚಿದಾಗ ಎಚ್‌ಐವಿ ನಿರೋಧಕ ಮಾತ್ರೆ ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರುವಾಗಬೇಕಾದ್ದರಿಂದ, ಅದು ರಾತ್ರಿಯಲ್ಲೂ ಸಿಗುವ ಆಸ್ಪತ್ರೆಗಳ ಪಟ್ಟಿ ಪ್ರತಿ ವಾಹನದಲ್ಲಿರಬೇಕು. ರೋಗಿಯಲ್ಲಿ ಗಾಳಿಯಿಂದ ಹರಡುವ ಸೋಂಕು ದೃಢಪಟ್ಟರೆ, ರೋಗಿಯ ಗುರುತು ಹೊರಬೀಳದಂತೆ, ಕರೆತಂದ ಸಿಬ್ಬಂದಿಗೆ ಆಸ್ಪತ್ರೆ 48 ಗಂಟೆಯೊಳಗೆ ತಿಳಿಸಬೇಕು. ಈ ಷರತ್ತುಗಳನ್ನು ಮುಂದಿನ ಟೆಂಡರಿಗೆ ಕಾಯದೆ, ಈಗಿನ ಒಪ್ಪಂದಕ್ಕೇ ತಿದ್ದುಪಡಿಯಾಗಿ ಸೇರಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ತುರ್ತು ಸೇವಾ ಸಿಬ್ಬಂದಿಯ ಪರವಾಗಿ ಸಹಿ ಮಾಡಿದ ನಾಗರಿಕರು