ಹಾಡು ಮುಗಿದ ಮೇಲೆ ಊರಿಗೊಂದು ಬಸ್ಸು ಬೇಕು

ಮೂಡುಬಿದಿರೆಯ ಆಳ್ವಾಸ್ ವಿರಾಸತ್‌ಗೆ ಟಿಕೆಟ್ ಇಲ್ಲ. ದೇಶದ ದೊಡ್ಡ ಗಾಯಕರು, ವಾದಕರು ಬಂದು ಕಛೇರಿ ಕೊಡುವ ಈ ಉತ್ಸವವನ್ನು ಡಾ. ಎಂ. ಮೋಹನ ಆಳ್ವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. 2024ರ ಡಿಸೆಂಬರಿನಲ್ಲಿ ನಡೆದದ್ದು 30ನೆಯದು. ಇಷ್ಟು ಹತ್ತಿರ ಇದ್ದೂ, ಸಿದ್ದಕಟ್ಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಾನು ತೀರಾ ಈಚಿನವರೆಗೂ ಅಲ್ಲಿಗೆ ಹೋದವಳಲ್ಲ. ರಾತ್ರಿ ವಾಪಸ್ ಬರಲು ಬಸ್ಸು ಇಲ್ಲ ಎಂಬುದೊಂದೇ ಕಾರಣ. ನಮ್ಮ ಮಹಿಳಾ ಸಂಘದ ಹೆಂಗಸರೆಲ್ಲ ಸೇರಿ ದುಡ್ಡು ಹಾಕಿ ವ್ಯಾನ್ ಗೊತ್ತು ಮಾಡಿದ್ದರಿಂದ ಕೊನೆಗೂ ಹೋಗುವುದಕ್ಕಾಯಿತು.

ವಿರಾಸತ್ ನಡೆಯುವ ಪುತ್ತಿಗೆಯ ಬಯಲು ರಂಗಮಂದಿರದಲ್ಲಿ ಕೂತಾಗಲೇ ನನಗೆ ತಿಳಿದದ್ದು, ಮೊಬೈಲಿನಲ್ಲಿ ಕೇಳುವ ತಬಲಾಕ್ಕೂ ಎದುರಿಗೆ ಕೇಳುವ ತಬಲಾಕ್ಕೂ ಎಷ್ಟು ಅಂತರ ಎಂದು. ಎಡಗೈಯ ಪೆಟ್ಟು ಬಿದ್ದರೆ ಎದೆಯೊಳಗೆ ಗೊತ್ತಾಗುತ್ತದೆ. ಹಿಂದೂಸ್ತಾನಿ ಸಂಗೀತ ನಮಗೆ ಅರ್ಥವಾಗಲಿಕ್ಕಿಲ್ಲ ಎಂದುಕೊಂಡು ಹೋಗಿದ್ದೆವು. ಗಾಯಕರು ಆಲಾಪ ಶುರು ಮಾಡಿ ಸ್ವಲ್ಪ ಹೊತ್ತಾಗಿರಬೇಕು, ಪಕ್ಕದ ಮನೆಯ ಅಕ್ಕ ನನ್ನ ಕೈ ಹಿಡಿದು, "ನಮ್ಮ ಭಾಗವತರು ರಾಗ ಎಳೆದ ಹಾಗೆಯೇ ಉಂಟಲ್ಲ ಮಾರಾಯ್ತಿ" ಎಂದರು. ಸಣ್ಣಂದಿನಿಂದ ಯಕ್ಷಗಾನದ ಆಟ ಕೇಳಿ ಬೆಳೆದ ಕಿವಿ ಅದು. ಹಳ್ಳಿಯವರಿಗೆ ಶಾಸ್ತ್ರೀಯ ಸಂಗೀತ ಹಿಡಿಸುವುದಿಲ್ಲ ಎಂಬ ಮಾತನ್ನು ನಾನು ಇನ್ನು ಒಪ್ಪಲಾರೆ.

ಕಾರ್ಯಕ್ರಮ ಕಳೆಗಟ್ಟುವ ಹೊತ್ತಿಗೆ ಹಿಂದಿನ ಸಾಲುಗಳಿಂದ ಜನ ಏಳತೊಡಗಿದರು. ಬೇಸರವಾಗಿ ಎದ್ದವರಲ್ಲ ಅವರು. ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ಗೇಟಿನ ಕಡೆ ನಡೆಯುತ್ತಾ ವೇದಿಕೆಯತ್ತಲೇ ತಿರುಗಿ ತಿರುಗಿ ನೋಡುತ್ತಿದ್ದಳು. ವೇಣೂರಿನ ಕಡೆಗೆ ಕೊನೆಯ ಬಸ್ಸು ಹೋಯಿತೇ ಎಂದು ಸಿಕ್ಕವರನ್ನೆಲ್ಲ ಕೇಳುತ್ತಿದ್ದಳು. ದ್ರುತ್ ಲಯ ಏರುತ್ತಿದ್ದಾಗ ಅವಳು ರಸ್ತೆಯಲ್ಲಿದ್ದಳು. ಕಾರು ಬೈಕು ಇದ್ದವರು ಕೊನೆಯವರೆಗೂ ಕೂತು ಕೇಳಿದರು. ಪ್ರವೇಶ ಎಲ್ಲರಿಗೂ ಉಚಿತವಾಗಿದ್ದರೂ ಪೂರ್ತಿ ಸಂಗೀತ ಸಿಕ್ಕಿದ್ದು ವಾಹನ ಇದ್ದವರಿಗೆ. ನನ್ನ ಮನಸ್ಸಿನಲ್ಲಿ ಇದು ಕೊರೆಯುತ್ತಲೇ ಇದೆ.

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಜನ ಬಯಲಿನಲ್ಲಿ ಕೂತು ಸಂಗೀತ ಕೇಳಲು ಹೊಸಬರೇನಲ್ಲ. ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳ ಪತ್ತನಾಜೆಯವರೆಗೆ ಕೊಯ್ಲಾದ ಗದ್ದೆಗಳಲ್ಲಿ ಚೆಂಡೆ ಮದ್ದಳೆ ಕೇಳಿಯೇ ಬೆಳೆದವರು ನಾವು. ಕಟೀಲು ಮೇಳದ ಹರಕೆಯಾಟಕ್ಕೆ ನನ್ನ ಅಜ್ಜಿ ಗದ್ದೆ ಹುಣಿಯ ಮೇಲೆ ನಡೆದು ಹೋಗುತ್ತಿದ್ದರಂತೆ. ಸೇವೆಯಾಟ ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಹಾಕುತ್ತಿದ್ದರು. ಆಟ ಬೆಳಗಿನವರೆಗೆ ನಡೆಯುತ್ತಿತ್ತು, ಮಂಗಳವಾಗುವಾಗ ಬೆಳಕು ಹರಿದಿರುತ್ತಿತ್ತು, ಮೊದಲ ಬಸ್ಸು ಬರುವ ಹೊತ್ತೂ ಆಗಿರುತ್ತಿತ್ತು. ಬಡವರು, ಹೆಂಗಸರು, ಮಕ್ಕಳು ಮನೆಗೆ ಹೋಗುವುದು ಹೇಗೆಂಬ ಚಿಂತೆಯೇ ಇಲ್ಲದೆ ಕೇಳುವ ವ್ಯವಸ್ಥೆ ಅದು.

ಈಗ ಕಾಲ ಬದಲಾಗಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ಧರ್ಮಸ್ಥಳ ಮೇಳ ಕಾಲಮಿತಿಯ ಆಟ ಆಡುತ್ತದೆ, 2022ರಲ್ಲಿ ಕಟೀಲು ಮೇಳಗಳೂ ಕೆಲಕಾಲ ಕಾಲಮಿತಿಗೆ ಬಂದಿದ್ದವು. ಮರುದಿನ ಕೆಲಸಕ್ಕೆ ಹೋಗುವವರಿಗೆ, ಶಾಲೆಯ ಮಕ್ಕಳಿಗೆ, ಮನೆಯಲ್ಲಿ ಮಲಗಿರುವ ರೋಗಿಗಳಿಗೆ ಇದರಿಂದ ಒಳ್ಳೆಯದಾಗಿದೆ. ಆದರೆ ಬೆಳಗಿನವರೆಗಿನ ಆಟ ನಡುರಾತ್ರಿಗೆ ಮುಗಿದರೆ ಬಸ್ಸಿನಲ್ಲಿ ಬಂದವರು ಏನು ಮಾಡಬೇಕು? ಹೊತ್ತನ್ನು ಕಡಿಮೆ ಮಾಡುವಾಗ ಈ ಪ್ರಶ್ನೆಯನ್ನು ಯಾರೂ ಗಂಭೀರವಾಗಿ ಎತ್ತಲಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಇದೆ. ಆದರೆ ನಮ್ಮ ಕಡೆ ಒಳರಸ್ತೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳು. ರಾತ್ರಿ ಬಸ್ಸು ಓಡಿಸಿದರೆ ನಷ್ಟ ಎನ್ನುತ್ತಾರೆ ಅವುಗಳ ಮಾಲಕರು. ಖಾಲಿ ಬಸ್ಸನ್ನು ದಿನಾ ಓಡಿಸಿದರೆ ನಷ್ಟ ಆಗುವುದು ನಿಜ. ನಾನು ಕೇಳುತ್ತಿರುವುದು ದಿನದ ಟ್ರಿಪ್ ಅಲ್ಲ, ಉತ್ಸವದ ಕೆಲವೇ ರಾತ್ರಿಗಳ ಟ್ರಿಪ್.

ಇದಕ್ಕೆ ದಾರಿ ನಮ್ಮಲ್ಲೇ ಇದೆ. ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಹೆಚ್ಚುವರಿ ಬಸ್ಸು ಬಿಡುವ ರೂಢಿ ಇದೆ. ಕೆಎಸ್‌ಆರ್‌ಟಿಸಿಗೆ ಬಿ.ಸಿ. ರೋಡಿನಲ್ಲೂ ಧರ್ಮಸ್ಥಳದಲ್ಲೂ ಡಿಪೋ ಇವೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಯ ಮೇಲೆ ಬಂಟ್ವಾಳಕ್ಕೆ ಒಂದು, ವೇಣೂರು, ಗುರುವಾಯನಕೆರೆಯ ಮೇಲೆ ಬೆಳ್ತಂಗಡಿಗೆ ಒಂದು, ಇಷ್ಟು ಬಸ್ಸು ಕಾರ್ಯಕ್ರಮ ಮುಗಿದು ಅರ್ಧ ಗಂಟೆಗೆ ಹೊರಟರೆ ಸಾಕು. ನಿಯಮದಿಂದಾಗಿ ಕಾರ್ಯಕ್ರಮ ಮುಗಿಯುವ ಹೊತ್ತು ಮೊದಲೇ ಗೊತ್ತಿರುತ್ತದೆ, ಬಸ್ಸಿನ ಸಮಯ ಗೊತ್ತು ಮಾಡುವುದು ಅದರಿಂದ ಸುಲಭ. ಎಷ್ಟು ಜನ ಬರುತ್ತಾರೆಂದು ಗ್ರಾಮ ಪಂಚಾಯತ್‌ಗಳಲ್ಲಿ, ಮಹಿಳಾ ಸಂಘಗಳಲ್ಲಿ ಮೊದಲೇ ಹೆಸರು ಬರೆಸಿಕೊಳ್ಳಬಹುದು. ಸರಕಾರಿ ಬಸ್ಸು ಸಾಲದಿದ್ದರೆ ಖಾಸಗಿ ಬಸ್ಸನ್ನು ಆ ರಾತ್ರಿಯ ಮಟ್ಟಿಗೆ ಬಾಡಿಗೆಗೆ ಪಡೆಯಬಹುದು. ಅದಕ್ಕೆ ನಾವು ಸಂತೋಷದಿಂದ ಟಿಕೆಟ್ ತೆಗೆಯುತ್ತೇವೆ.

ವಿರಾಸತ್ ಒಂದಕ್ಕೇ ಹೇಳುವ ಮಾತಲ್ಲ ಇದು. ಊರಿನ ಕಾಲಮಿತಿಯ ಆಟ, ಜಾತ್ರೆಯ ಸಂಗೀತ ಸಂಜೆ, ಶಾಲೆ ವಾರ್ಷಿಕೋತ್ಸವದ ನಾಟಕ, ರಾತ್ರಿ ನಡೆಯುವ ಎಲ್ಲದಕ್ಕೂ ಸಂಘಟಕರು ಈ ಪ್ರಶ್ನೆಯನ್ನು ಮೊದಲೇ ಹಾಕಿಕೊಳ್ಳಲಿ. ವೇದಿಕೆ, ಲೈಟು, ಕಲಾವಿದರ ಸಂಭಾವನೆಯ ಲೆಕ್ಕದ ಜೊತೆಗೆ ಪ್ರೇಕ್ಷಕರು ಮನೆ ಮುಟ್ಟುವ ಲೆಕ್ಕವೂ ಸೇರಲಿ. ಆಮಂತ್ರಣ ಪತ್ರಿಕೆಯಲ್ಲಿ ಕಲಾವಿದರ ಹೆಸರಿನ ಕೆಳಗೆ ಬಸ್ಸು ಹೊರಡುವ ಸಮಯವನ್ನೂ ಅಚ್ಚು ಹಾಕಿಸಿ. ಅಷ್ಟಾದರೆ ದೂರದ ಹಳ್ಳಿಯ ಹೆಂಗಸೂ ಧೈರ್ಯವಾಗಿ ಬಂದು ಕೊನೆಯ ಹಾಡಿನವರೆಗೆ ಕೂರುತ್ತಾಳೆ.