ಪೀಣ್ಯದ ಷೆಡ್ಡುಗಳೂ ಬುದ್ಧಿಯ ಯಂತ್ರವೂ

2025ನೆಯ ಇಸವಿಯ ಎರಡು ಸಂಗತಿಗಳನ್ನು ನಮ್ಮ ವಾಚಕರು ಬೇರೆಬೇರೆಯಾಗಿ ಓದಿರುವರು. ಅವೆರಡನ್ನೂ ಒಟ್ಟಿಗಿಟ್ಟು ನೋಡಬೇಕೆಂಬುದು ನಮ್ಮ ಬಿನ್ನಹ. ಏಪ್ರಿಲ್ 19ರಂದು, ಭರತಖಂಡದ ಪ್ರಥಮ ಉಪಗ್ರಹವಾದ ‘ಆರ್ಯಭಟ’ವು ಆಕಾಶಕ್ಕೇರಿ ಐವತ್ತು ವರ್ಷಗಳು ತುಂಬಿದವು. ಜುಲೈ ತಿಂಗಳಿನಲ್ಲಿ, ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ಸಿನವರು ತಮ್ಮ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಎಂದರೆ ಸುಮಾರು 12,000 ಮಂದಿಯನ್ನು, ಬಿಡಿಸುವುದಾಗಿ ಪ್ರಕಟಿಸಿದರು. ಇದಕ್ಕೆ ಕೃತಕ ಬುದ್ಧಿಮತ್ತೆಯು ಕಾರಣವಲ್ಲ, ಕೌಶಲ್ಯವು ಹೊಂದದಿರುವುದೇ ಕಾರಣವೆಂದು ಆ ಸಂಸ್ಥೆಯ ಮುಖ್ಯಾಧಿಕಾರಿಗಳು ಹೇಳಿದರು. ಆ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಸಾಲ ಮಾಡಿ ಮನೆ ಕೊಂಡಿರುವ ಗೃಹಸ್ಥನಿಗೆ ಅಷ್ಟು ಸಮಾಧಾನದಿಂದ ನಿದ್ರೆ ಬಾರದು.

ಆರ್ಯಭಟವು ಸಿದ್ಧವಾದುದು ಅರಮನೆಯಂತಹ ಪ್ರಯೋಗಶಾಲೆಯಲ್ಲಿ ಅಲ್ಲ; ಪೀಣ್ಯದ ಕೈಗಾರಿಕಾ ವಸಾಹತಿನ ಕಲ್ನಾರು ಛಾವಣಿಯ ಷೆಡ್ಡುಗಳಲ್ಲಿ. ಉಡುಪಿ ಸೀಮೆಯ ಅದಮಾರಿನಲ್ಲಿ ಜನಿಸಿದ ಪ್ರೊಫೆಸರ್ ಯು. ಆರ್. ರಾಯರ ನಾಯಕತ್ವದಲ್ಲಿ, ಹಿಂದೆಂದೂ ಉಪಗ್ರಹವನ್ನು ಕಟ್ಟಿ ಅರಿಯದ ತರುಣರು 360 ಕಿಲೋಗ್ರಾಂ ತೂಕದ ಆ ಯಂತ್ರವನ್ನು ಕಟ್ಟಿದರು. ಹಾರಿಸಿದ ರಾಕೆಟ್ಟು ನಮ್ಮದಾಗಿರಲಿಲ್ಲ, ಸೋವಿಯತ್ ರಷ್ಯದವರದು. ಒಳಗಿನ ವಿದ್ಯುತ್ ವ್ಯವಸ್ಥೆಯು ಕೆಟ್ಟು, ಅದರ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದವು. ಲೆಕ್ಕ ಬರೆಯುವವನ ದೃಷ್ಟಿಗೆ ಇದು ನಷ್ಟವೇ ಸರಿ. ಆದರೆ ಕಟ್ಟುವ ವಿದ್ಯೆಯು ಕೈಗೆ ಹತ್ತಿತು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ನೌಕೆಯು ಚಂದ್ರನ ದಕ್ಷಿಣ ಧ್ರುವದ ಸಮೀಪದಲ್ಲಿ ಇಳಿದಾಗ, ಅದನ್ನು ನಡೆಸಿದ ನಿಯಂತ್ರಣ ಕೇಂದ್ರವಿದ್ದುದೂ ಅದೇ ಪೀಣ್ಯದಲ್ಲಿಯೇ.

ನಗರದ ದಕ್ಷಿಣದ ಅಂಚಿನಲ್ಲಿ ನಡೆದ ಕಥೆಯು ಬೇರೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಹೂಡಿದಾಗ ಅವರ ಮನಸ್ಸಿನಲ್ಲಿದ್ದುದು ಅಮೆರಿಕದ ಸಿಲಿಕಾನ್ ಕಣಿವೆ. ಅಲ್ಲಿ ಬೆಳೆದುದಾದರೋ ಬಹುಮಟ್ಟಿಗೆ ಪರದೇಶದವರ ಕೆಲಸವನ್ನು ಆಳಿನ ಲೆಕ್ಕ, ಗಂಟೆಯ ಲೆಕ್ಕದಲ್ಲಿ ಮಾಡಿಕೊಡುವ ಉದ್ಯಮ. ಇನ್ಫೋಸಿಸ್ಸಿನವರ ‘ಫಿನಕಲ್’ನಂತಹ ಸ್ವಂತ ನಿರ್ಮಾಣಗಳು ಇಲ್ಲದಿಲ್ಲ; ಅವು ಅಪವಾದಗಳು. ಈ ಕೂಲಿಯನ್ನು ನಾವು ಹಳಿಯುವವರಲ್ಲ. ಬಡ ಮೇಷ್ಟರ ಮಕ್ಕಳೂ ರೈತರ ಮಕ್ಕಳೂ ಅದರಿಂದ ತಲೆಯೆತ್ತಿ ನಿಂತರು. ಎಷ್ಟೋ ಮನೆಗಳ ಸಾಲವು ತೀರಿತು. ಇನ್ನು ವೈಟ್‌ಫೀಲ್ಡಿನಲ್ಲಿ, 2000ದಲ್ಲಿ ತೆರೆದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರವೇ ಮೊದಲಾದವುಗಳಲ್ಲಿ ನಮ್ಮ ಯುವಕ ಯುವತಿಯರು ಉತ್ತಮ ದರ್ಜೆಯ ಶೋಧನೆಯನ್ನೇ ನಡೆಸುತ್ತಿರುವರು. ಆದರೆ ಶೋಧಿಸಿದುದರ ಒಡೆತನವು ಕಡಲಾಚೆಯದು.

ಈಗ ಬಂದಿರುವ ಯಂತ್ರವು ಈ ಮೂರು ಬಗೆಯ ದುಡಿಮೆಯನ್ನೂ ಒಂದೇ ರೀತಿಯಲ್ಲಿ ಮುಟ್ಟುವುದಿಲ್ಲ. ನಾವು ಮೆಟ್ರಿಕ್ಯುಲೇಷನ್ನಿಗೆ ಓದು ನಿಲ್ಲಿಸಿದವರು. ಬಲ್ಲವರಿಂದ ಕೇಳಿ ತಿಳಿದುದಿಷ್ಟು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿಯೆಂಬ ಹೆಸರಿನಿಂದ ಜನಸಾಮಾನ್ಯರ ಕೈಗೆ ಬಂದ ಈ ಜಾತಿಯ ಯಂತ್ರವು, ಮನುಷ್ಯರು ಬರೆದಿಟ್ಟ ಅಪಾರ ಬರಹದಿಂದ ಪಳಗಿ, ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವವಿದೆಯೆಂಬುದನ್ನು ಗಣಿಸುತ್ತ ಉತ್ತರವನ್ನು ಹೆಣೆಯುತ್ತದೆ. ಸಾವಿರ ಸಲ ಬರೆದುದನ್ನು ಸಾವಿರದೊಂದನೆಯ ಸಲ ಬರೆಯುವುದು ಅದಕ್ಕೆ ಸುಲಭ. ಕಾಲೇಜಿನಿಂದ ಆಗತಾನೆ ಬಂದ ತರುಣನಿಗೆ ನಮ್ಮ ಕಂಪನಿಗಳು ಮೊದಲು ಒಪ್ಪಿಸುತ್ತಿದ್ದ ಕೆಲಸವೂ ಅದೇ ಅಲ್ಲವೆ? ಈ ವಿದ್ಯೆಯ ಹಿರಿಯರಲ್ಲೊಬ್ಬರಾದ ಜೆಫ್ರಿ ಹಿಂಟನ್ನರು 2023ರಲ್ಲಿ ಗೂಗಲ್ ಸಂಸ್ಥೆಯನ್ನು ಬಿಟ್ಟು, ಇದರಿಂದ ಮನುಷ್ಯಕುಲಕ್ಕೇ ಅಪಾಯವುಂಟಾಗಬಹುದೆಂದು ಎಚ್ಚರಿಸಿದರು. ಮರುವರ್ಷ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆ ದೊಡ್ಡ ಭಯವನ್ನು ಲೋಕದ ಪಂಡಿತರು ವಿಚಾರಿಸಲಿ. ನಮ್ಮ ಹೊಸ್ತಿಲಿಗೆ ಬಂದಿರುವ ಪ್ರಶ್ನೆಯು, ಪರರ ಕೆಲಸವನ್ನು ಮಾಡಿಕೊಟ್ಟು ಬದುಕುವವನ ಗತಿಯೇನೆಂಬುದು.

ಈ ಪ್ರಶ್ನೆಯನ್ನು ನಾವು ಒಮ್ಮೆ ಕಣ್ಣಾರೆ ಕಂಡಿದ್ದೇವೆ. ನಮ್ಮ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರ ಸ್ಥಾನಕ್ಕೆ ಕಂಪ್ಯೂಟರು ಬಂದಾಗ, ಕೀಲಿಮಣೆಯನ್ನು ತಾವಾಗಿ ಕಲಿತ ಇಬ್ಬರು ನಿಂತರು. ಮಿಕ್ಕವರು ಮನೆಗೆ ಹೋದರು. ಅವರಿಗೆ ಆರು ತಿಂಗಳು ಸಂಬಳ ಕೊಟ್ಟು ಕಲಿಸಿದ್ದರೆ ಅವರೂ ಕಲಿಯುತ್ತಿದ್ದರು. ನಾವು ಕಲಿಸಲಿಲ್ಲ. ಆ ತಪ್ಪು ಯಂತ್ರದ್ದಲ್ಲ, ನಮ್ಮದು. ಆದುದರಿಂದಲೇ, ನೌಕರರಿಗೆ ಕೌಶಲ್ಯವು ಸಾಲದೆಂದು ಯಾವ ಯಜಮಾನರು ಹೇಳಿದರೂ, ಕಲಿಸಬೇಕಾದವರು ಯಾರಾಗಿದ್ದರೆಂಬ ಪ್ರಶ್ನೆಯು ನಮ್ಮ ಮನಸ್ಸಿಗೆ ಬರುವುದು.

ಹಾಗಾದರೆ ಸ್ವಂತವಾಗಿ ಕಟ್ಟಿದ ಮಾತ್ರಕ್ಕೆ ಕ್ಷೇಮವುಂಟೆ ಎಂದು ಕೆಲವರು ಕೇಳಬಹುದು. ಪೀಣ್ಯದ ನೆರೆಯ ಜಾಲಹಳ್ಳಿಯ ಎಚ್‌ಎಂಟಿಯವರು ಊರೂರಿನವರ ಕೈಗೂ ಗಡಿಯಾರವನ್ನು ಕಟ್ಟಿದರು. ಆ ಗಡಿಯಾರದ ಕಂಪನಿಯನ್ನೇ ಮುಚ್ಚುವುದೆಂದು 2016ರಲ್ಲಿ ಕೇಂದ್ರ ಸರಕಾರವು ತೀರ್ಮಾನಿಸಿತು. ಈ ಆಕ್ಷೇಪಣೆಯು ನ್ಯಾಯವಾದುದು. ಒಮ್ಮೆ ಕಟ್ಟಿ ಕುಳಿತವನನ್ನು ಕಾಲವು ಕಾಯುವುದಿಲ್ಲ. ಆದರೆ ಆರ್ಯಭಟದವರು ಒಂದರ ಮೇಲೊಂದು ಉಪಗ್ರಹವನ್ನು ಕಟ್ಟುತ್ತ ನಡೆದರು. ಅವರಿಗೆ ಆ ಅವಕಾಶವನ್ನು ಸರಕಾರವು ಕೊಟ್ಟಿತು.

ಅಂತಹ ಅವಕಾಶವೇ ಇಂದು ವಿರಳವಾಗಿದೆ. ನಮ್ಮ ದೇಶವು ಸಂಶೋಧನೆಗೆ ವ್ಯಯಿಸುವುದು ರಾಷ್ಟ್ರದ ಉತ್ಪನ್ನದಲ್ಲಿ ನೂರಕ್ಕೆ ಒಂದು ರೂಪಾಯಿಯೂ ಅಲ್ಲ, ಸುಮಾರು 64 ಪೈಸೆ. ದಕ್ಷಿಣ ಕೊರಿಯದವರು ನಾಲ್ಕು ರೂಪಾಯಿಗೂ ಮೀರಿ ವ್ಯಯಿಸುತ್ತಾರೆ. 2025ರ ಜುಲೈ 1ರಂದು ಕೇಂದ್ರ ಸಚಿವ ಸಂಪುಟವು ಒಂದು ಲಕ್ಷ ಕೋಟಿ ರೂಪಾಯಿಗಳ ಸಂಶೋಧನಾ ನಿಧಿಗೆ ಒಪ್ಪಿಗೆಯಿತ್ತುದು ಸಂತೋಷದ ಸಂಗತಿ. ಅದು ಬಹುವಾಗಿ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲದ ರೂಪದಲ್ಲಿ ದೊರೆಯತಕ್ಕದ್ದು. ಪೀಣ್ಯದಲ್ಲಿ ನಾಲ್ಕು ಲೇಥುಗಳನ್ನಿಟ್ಟುಕೊಂಡು, ಬಾಡಿಗೆಗೂ ಕರೆಂಟಿನ ಬಿಲ್ಲಿಗೂ ತಿಣುಕುವ ಸಣ್ಣ ಕಾರಖಾನೆಯವನ ಬಾಗಿಲಿಗೆ ಆ ಹಣವು ಬರುವುದೆ? ಬರುವಂತೆ ನೋಡಿಕೊಳ್ಳುವುದು ನಮ್ಮ ಲೋಕಸಭಾ ಸದಸ್ಯರ ಕರ್ತವ್ಯವು.

ರಾಜ್ಯ ಸರಕಾರದವರೂ ಸುಮ್ಮನಿರತಕ್ಕದ್ದಲ್ಲ. ತಾಲೂಕು ಆಸ್ಪತ್ರೆಯಲ್ಲಿ ರೋಗಿಯ ಕನ್ನಡವನ್ನು ಕೇಳಿ ಬರೆದುಕೊಳ್ಳುವ ಯಂತ್ರ, ಪಹಣಿಯ ತೊಡಕನ್ನು ರೈತನಿಗೆ ಅವನ ಮಾತಿನಲ್ಲಿಯೇ ಬಿಡಿಸಿ ಹೇಳುವ ಯಂತ್ರ, ಇವು ನಮಗೆ ಬೇಕಾದವು. ಕಡಲಾಚೆಯವರು ನಮಗಾಗಿ ಇವನ್ನು ಶ್ರದ್ಧೆಯಿಂದ ಮಾಡಿಕೊಡುವರೆಂದು ನಂಬಿ ಕೂರಲಾಗದು. ಸರಕಾರವು ಇಂತಹ ಕೆಲಸಗಳನ್ನು ಹೆಸರಿಸಿ, ಹಣವನ್ನು ಗೊತ್ತುಮಾಡಿ, ಕೆಲಸ ಕಳೆದುಕೊಂಡ ನುರಿತ ತರುಣರ ತಂಡಗಳಿಗೆ ಒಪ್ಪಿಸಲಿ. ಮೊದಲನೆಯದು ಆರ್ಯಭಟದಂತೆ ಕೆಲವು ದಿನಗಳಲ್ಲಿ ನಿಂತುಹೋದರೆ, ಎರಡನೆಯದಕ್ಕೂ ಹಣ ಕೊಡುವ ಧೈರ್ಯವು ಅವರಿಗಿರಲೆಂದು ಹಾರೈಸುತ್ತೇವೆ.